ಸತ್ಯಾಂಶ: ಸ್ನೋಬೋರ್ಡ್ ಬೈಂಡಿಂಗ್ ಬಿದ್ದಾಗ ಬಿಚ್ಚಿಕೊಳ್ಳಬೇಕಾ?

"ಬಿದ್ದ ತಕ್ಷಣ ತಾನಾಗಿ ಬಿಚ್ಚಿಕೊಳ್ಳುವ ಬೈಂಡಿಂಗನ್ನೇ ಕೊಳ್ಳಿ. ಸಿಗದಿದ್ದರೆ ಸ್ಟ್ರಾಪ್ ಸಡಿಲ ಬಿಡಿ, ಮೊಣಕಾಲು ಉಳಿಯುತ್ತದೆ." ಸ್ನೋಬೋರ್ಡ್, ಅಂದರೆ ಹಿಮದ ಮೇಲೆ ನಿಂತು ಜಾರುವ ಹಲಗೆಯ ಬಗ್ಗೆ ಹೀಗೊಂದು ಮೆಸೇಜ್ ಗ್ರೂಪಿಂದ ಗ್ರೂಪಿಗೆ ಓಡಾಡುತ್ತದೆ. ಬೈಂಡಿಂಗ್ ಅಂದರೆ ಬೂಟನ್ನು ಹಲಗೆಗೆ ಬಿಗಿದಿಡುವ ಸಾಧನ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಅದು ಸ್ಕೀಗೆ ಒಪ್ಪುವ ಮಾತು, ಸ್ನೋಬೋರ್ಡಿಗಲ್ಲ.

ಸ್ಕೀಯಲ್ಲಿ ಒಂದೊಂದು ಕಾಲಿಗೂ ಬೇರೆ ಹಲಗೆ. ಬಿದ್ದಾಗ ಒಂದು ಹಲಗೆ ಹಿಮದಲ್ಲಿ ಸಿಕ್ಕಿಕೊಂಡು ಆ ಕಾಲನ್ನಷ್ಟೇ ತಿರುಚಬಹುದು. ಅದಕ್ಕೇ ಅಲ್ಲಿ ಬಿಚ್ಚಿಕೊಳ್ಳುವ ವ್ಯವಸ್ಥೆ ಇದೆ. ಸ್ನೋಬೋರ್ಡಿನಲ್ಲಿ ಎರಡೂ ಪಾದ ಒಂದೇ ಹಲಗೆಯ ಮೇಲೆ, ಅಲ್ವಾ? ಒಂದು ಮಾತ್ರ ಬಿಚ್ಚಿಕೊಂಡಿತು ಅಂದುಕೊಳ್ಳಿ. ಇಡೀ ಹಲಗೆ ಇನ್ನೊಂದು ಕಾಲಿಗೆ ಜೋತುಬಿದ್ದು ಅದನ್ನೇ ತಿರುಚುತ್ತದೆ. ಹಾಗಾಗಿ ಮಾಮೂಲಿ ಸ್ಟ್ರಾಪ್ ಬೈಂಡಿಂಗುಗಳನ್ನು ಬಿಚ್ಚಿಕೊಳ್ಳದ ಹಾಗೆಯೇ ಮಾಡಿರುತ್ತಾರೆ. ಹೊಸಬರಿಗೆ ಇಲ್ಲಿ ಜಾಸ್ತಿ ಪೆಟ್ಟಾಗುವುದು ಮಣಿಕಟ್ಟಿಗೆ. ಬೀಳುವಾಗ ಕೈ ಊರುತ್ತೇವಲ್ಲ!

ಸ್ಟ್ರಾಪ್ ಸಡಿಲ ಬಿಟ್ಟರೆ ಇನ್ನೊಂದು ತೊಂದರೆ. ಹಿಮ್ಮಡಿ ಏಳುತ್ತದೆ, ನೀವು ತಿರುಗಿದ ಮೇಲೆ ಹಲಗೆ ನಿಧಾನಕ್ಕೆ ತಿರುಗುತ್ತದೆ.

ಕೊಳ್ಳುವಾಗ ನಿಮ್ಮ ಬೂಟನ್ನೇ ತೆಗೆದುಕೊಂಡು ಹೋಗಿ. ಬೈಂಡಿಂಗಿನ ಅಳತೆ ಸುಮ್ನೆ ಪಾದ ನೋಡಿ ಹೇಳುವಂಥದ್ದಲ್ಲ, ಬೂಟಿಗೆ ಹೊಂದಬೇಕು. ಸ್ಟ್ರಾಪ್ ಕಟ್ಟಿ ಮುಂದಕ್ಕೆ ಬಾಗಿ. ಹಿಮ್ಮಡಿ ಹಿಂದಿನ ಆಸರೆಗೆ ಅಂಟಿಕೊಂಡೇ ಇರಬೇಕು, ಪಾದ ಜೋಮು ಹಿಡಿಯಬಾರದು. ಹೊಸಬರಿಗೆ ಸ್ವಲ್ಪ ಮೆತ್ತಗಿನದೇ ವಾಸಿ, ಗಡುಸಾದದ್ದು ಸಣ್ಣ ತಪ್ಪನ್ನೂ ಬಿಡುವುದಿಲ್ಲ. ಕೊನೆಗೆ, ಹಲಗೆಯ ತೂತುಗಳಿಗೆ ಬೈಂಡಿಂಗಿನ ಡಿಸ್ಕ್ (ಸ್ಕ್ರೂ ಹಾಕಿ ಬೈಂಡಿಂಗನ್ನು ಹಲಗೆಗೆ ಕೂರಿಸುವ ದುಂಡು ತಟ್ಟೆ) ಕೂರುತ್ತದಾ ನೋಡಿ. ಇದನ್ನು ಮರೆತು ವಾಪಸ್ ಬರುವವರು ಕಮ್ಮಿ ಇಲ್ಲ.