ಕುಬಸಕ್ಕೆ ಹೋದ ಬಸವನಹುಳುಗಳು

ಒಟ್ಟು 41. ಬೆಳಿಗ್ಗೆ ಚಹಾ ಆರುವ ಮೊದಲು ಎಣಿಸಿದ್ದು ಇಷ್ಟು. ಅದೂ ಮೀನಿನ ತೊಟ್ಟಿಯ ಗಾಜಿಗೆ ಅಂಟಿಕೊಂಡವು ಮಾತ್ರ. ಕಲ್ಲಿನ ಸಂದಿಯಲ್ಲಿ, ಫಿಲ್ಟರಿನ ಬೆನ್ನಿಗೆ ಕೂತವು ಬೇರೆ. ಹಿಂದಿನ ಭಾನುವಾರ 26 ಇದ್ದವು. ನಾನು ಬ್ಯಾಂಕಿನಲ್ಲಿ 28 ವರ್ಷ ಬಡ್ಡಿ ಲೆಕ್ಕ ಹಾಕಿದವಳು. ಇಂಥ ಬಡ್ಡಿ ಯಾವ ಠೇವಣಿಗೂ ಕೊಟ್ಟಿಲ್ಲ.

ಮೀನು ಎಷ್ಟಿವೆ ಅಂತ ಕೇಳಬೇಡಿ. ಏಳು.

ಈ ಹುಳುಗಳಿಂದ ನಾನೊಂದು ಸಂಗತಿ ಕಲಿತಿದ್ದೇನೆ. ಅದನ್ನು ಹೇಳಬೇಕೆಂದೇ ಬರೆಯಲು ಕೂತೆ. ಅದಕ್ಕೂ ಮೊದಲು ಒಂದು ಮಾತು: ಆ ತೊಟ್ಟಿ ನನ್ನದಲ್ಲ. ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ಹಟ ಹಿಡಿದು ತರಿಸಿಕೊಂಡದ್ದು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. "ಎಲ್ಲಾ ನಾನೇ ನೋಡ್ಕೋತೀನಿ ಮಮ್ಮಿ" ಅಂದಿದ್ದ. ಈಗ ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಾನೆ, ತೊಟ್ಟಿ ನಾನು ನೋಡಿಕೊಳ್ಳುತ್ತಿದ್ದೇನೆ. ಇದಕ್ಕೂ ಮೊದಲು ಸ್ಕೇಟಿಂಗ್ ಬೂಟು ಬಂದಿತ್ತು, ಗಿಟಾರ್ ಬಂದಿತ್ತು. ಅವು ಅಟ್ಟದ ಮೇಲೆ ಸುಮ್ನೆ ಮಲಗಿವೆ, ಅನ್ನ ಕೇಳುವುದಿಲ್ಲ. ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಅವನ ಮೊದಲ ಮಾತು "ಮೀನು ತೋರಿಸು". ನಾನು ಫೋನು ತಿರುಗಿಸುತ್ತೇನೆ. ನನ್ನ ಮುಖ ಆಮೇಲೆ, ಚಾರ್ಜ್ ಉಳಿದಿದ್ದರೆ.

ಹುಳು ಬಂದದ್ದು ಗಿಡದ ಜೊತೆ. ತೊಟ್ಟಿ ಬೋಳಾಗಿ ಕಾಣುತ್ತದೆ ಅಂತ ಮೂವತ್ತು ರೂಪಾಯಿ ಕೊಟ್ಟು ಒಂದು ಹಿಡಿ ನೀರುಗಿಡ ತಂದೆ. ಎಲೆಯ ಹಿಂದೆ ಲೋಳೆ ಅಂಟಿತ್ತಂತೆ, ಅದರೊಳಗೆ ಮೊಟ್ಟೆ ಇತ್ತಂತೆ, ಗಿಡವನ್ನು ಪಟಿಕದ ನೀರಿನಲ್ಲಿ ನೆನೆಸಿ ಹಾಕಬೇಕಿತ್ತಂತೆ. ಈ 'ಅಂತೆ'ಗಳೆಲ್ಲ ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಅಂಗಡಿಯವನಿಗೆ ಹೇಳಿದರೆ ನಕ್ಕ. "ಅದು ಫ್ರೀ ರೀ ಮೇಡಂ" ಅಂದ. ಅವನ ಪ್ರಕಾರ ನಾನು ಸಂತೋಷಪಡಬೇಕಿತ್ತು.

ನಮ್ಮೂರ ನೀರೂ ಅವುಗಳ ಪಕ್ಷವೇ. ಕಲಬುರಗಿಯ ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಚಕ್ಕೆ ಕಟ್ಟುತ್ತದೆ. ಗೀಸರಿನ ಕಾಯಿಲ್ ಎರಡು ವರ್ಷ ತಡೆದರೆ ಪುಣ್ಯ. ಜಿಲ್ಲೆಯ ನೆಲವೂ ಹಾಗೇ ಇದೆ, ಸುಣ್ಣದ ಕಲ್ಲಿಗೆ ಬರವೇ ಇಲ್ಲ. ಒಂದು ಕಡೆ ಶಹಾಬಾದ್ ಪರ್ಸಿ ಕಲ್ಲು, ಇನ್ನೊಂದು ಕಡೆ ಸೇಡಂ, ವಾಡಿಯ ಸಿಮೆಂಟು. ಮೆದು ನೀರಿನ ಊರುಗಳಲ್ಲಿ ಈ ಹುಳುಗಳ ಚಿಪ್ಪು ತೆಳ್ಳಗಾಗಿ ತೂತು ಬೀಳುತ್ತದೆ. ಇಲ್ಲಿ ನೀರಿನಲ್ಲೇ ಸುಣ್ಣ ಇರುವಾಗ ಅವಕ್ಕೆ ಮನೆ ಕಟ್ಟುವ ಖರ್ಚೇ ಇಲ್ಲ. ನಾವು ಮಾತ್ರ ಸಿಮೆಂಟು ಚೀಲಕ್ಕೆ ಪೂರಾ ದುಡ್ಡು ಕೊಟ್ಟು ಕಟ್ಟಿದೆವು.

ಇನ್ನು ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ, ಮಧ್ಯಾಹ್ನ ಕರೆಂಟು ಇಲ್ಲ, ಪಂಪು ನಿಂತಿತು. ತೊಟ್ಟಿಯ ಮೇಲೆ ಹಸಿ ಗೋಣಿತಟ್ಟು ಹಾಕಿದೆ, ಐಸಿನ ಬಾಟಲಿ ತೇಲಿಬಿಟ್ಟೆ. ಮೂರು ಮೀನು ಹೋದವು. ಬಸವನಹುಳು ಒಂದೂ ಹೋಗಲಿಲ್ಲ. ಅವು ಮೇಲೆ ಬಂದು ಗಾಳಿ ಕುಡಿದು ಇಳಿಯುತ್ತವೆ. ನೀರು ಬೆಚ್ಚಗಿದ್ದರೆ ಮೊಟ್ಟೆಯೂ ಬೇಗ ಒಡೆಯುತ್ತದೆ. ನನ್ನ ಮೀನು ಸತ್ತ ವಾರ ಅವರ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು.

ಹಾಗಾದರೆ ತೆಗೆದು ಬಿಸಾಡಿ ಅಂತೀರಿ. ಅಲ್ಲಿಗೆ ನಮ್ಮ ಅತ್ತೆಯವರು ಬರುತ್ತಾರೆ. ವಯಸ್ಸು 82. ನಾನು ಮೊದಲನೇ ಹುಳುವನ್ನು ಚಮಚದಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಏನ್ ಮಾಡ್ಲಿಕತ್ತೀಯವಾ? ಅದಕ್ಕ ಕೋಡ್ ಅವ ನೋಡು. ಹೆಸರಿನಾಗೇ ಬಸವಣ್ಣ ಕುಂತಾನ. ಈ ಮನ್ಯಾಗ ಅದನ್ನ ಕೊಲ್ಲಬ್ಯಾಡ."

ಇದೇ ಅತ್ತೆಯವರು ಜಿರಳೆ ಕಂಡರೆ ಕಸಬರಿಗೆ ಎತ್ತುವವರು. ಈ ವಯಸ್ಸಿನಲ್ಲೂ ಗುರಿ ತಪ್ಪುವುದಿಲ್ಲ. ಜಿರಳೆಗೆ ಯಾವ ಶರಣರ ಹೆಸರೂ ಸಿಕ್ಕಿಲ್ಲ, ಅದರ ಹಣೆಬರಹ. ಆದರೆ ಬಸವಕಲ್ಯಾಣದ ಜಾತ್ರೆಗೆ ನಡೆದು ಹೋದ ಕಾಲುಗಳ ಎದುರು ನಾನು ಏನು ವಾದ ಮಾಡಲಿ? ತಾಮ್ರದ ಔಷಧಿಯೂ ಆ ಮಾತಿಗೇ ಬಿದ್ದುಹೋಯಿತು. ತಾಮ್ರ ಹುಳುವಿಗೆ ವಿಷ, ಸರಿ. ಆದರೆ ಅಷ್ಟೂ ಹುಳು ಒಟ್ಟಿಗೆ ಸತ್ತು ಕೊಳೆತರೆ ಆ ನೀರಿನಲ್ಲಿ ಮೀನೂ ಉಳಿಯುವುದಿಲ್ಲ. ಹುಳು ತಿನ್ನುವ ಮೀನು ತರೋಣ ಅಂದೆ. ಅತ್ತೆಯವರು ಯೋಚಿಸಿ, "ಮೀನ ತಿಂದ್ರ ಅದು ಮೀನಿನ ಪಾಪ" ಅಂತ ಒಪ್ಪಿದರು. ಆಮೇಲೆ ನೋಡಿದರೆ ಕೇರಳದ ಹೊಳೆಗಳ ಪಫರ್ ಮೀನು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಹುಳು ತಿನ್ನುವುದರ ಜೊತೆಗೆ ನಮ್ಮ ತೊಟ್ಟಿಯ ಗಪ್ಪಿ ಮೀನುಗಳ ಬಾಲವನ್ನೂ ಕಡಿಯುತ್ತದಂತೆ. ಬೇಡ.

ಉಳಿದದ್ದು ಸೌತೆಕಾಯಿ. ರಾತ್ರಿ ಒಂದು ಹೋಳು ನೀರಿಗೆ ಇಳಿಬಿಟ್ಟರೆ ಬೆಳಿಗ್ಗೆ ಅದರ ತುಂಬ ಹುಳು. ಎತ್ತಿ ಹಾರ್ಲಿಕ್ಸ್ ಬಾಟಲಿಗೆ ಹಾಕುವುದು. ಮೂರು ರಾತ್ರಿಗೆ 30 ಸಿಕ್ಕವು. ಮುಂದೆ? ಅತ್ತೆಯವರದೇ ಪರಿಹಾರ. ಕಾರಹುಣ್ಣಿಮೆಯ ವಾರ ಹುಮನಾಬಾದಿನಲ್ಲಿ ನಾದಿನಿಯ ಮಗಳ ಕುಬಸ, ಅಂದರೆ ಸೀಮಂತ, ಇತ್ತು. "ಹೆಂಗೂ ಹೊಂಟೀದಿ. ಅವರ ಹೊಲದಾಗ ಬಾವಿ ಅದ. ಬಿಟ್ಟು ಬಾ."

ಹೀಗೆ ನಾನು ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಕುಬಸದ ಸೀರೆ, ಒಂದು ಕೈಯಲ್ಲಿ ಬಸವನಹುಳುವಿನ ಬಾಟಲಿ ಹಿಡಿದು ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ಗಾಳಿಯಾಡಲಿ ಅಂತ ಮನೆಯವರು ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದರು. ಊರು ದಾಟಿದ ಮೇಲೆ ಡ್ರೈವರ್ ಒಂದು ಎಮ್ಮೆಗೆ ಬ್ರೇಕ್ ಹಾಕಿದ. ನೀರು ಚಿಮ್ಮಿ ಪಕ್ಕದವರ ಚೀಲದ ಮೇಲೆ ಬಿತ್ತು. ಬಿತ್ತನೆ ಸೋಯಾಬೀನ್ ಚೀಲ. ಬಿಳಿ ಟೋಪಿ, ಧೋತರದ ಹಿರಿಯರು, ಭಾಲ್ಕಿ ಕಡೆಯವರು.

"ಏನದ ರೀ ಅಕ್ಕವ್ರ ಇದರಾಗ?"

ನಾನು ಹೇಳುವ ಮೊದಲೇ ಕಂಡಕ್ಟರ್ ಬಂದ. ನನ್ನದು ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಆಧಾರ್ ತೋರಿಸಿದೆ. ಅವನು ಬಾಟಲಿ ನೋಡಿದ.

"ಇವಕ್ಕ ಆಧಾರ್ ಅದ ಏನ್ರಿ?"

"ಇಲ್ಲಪ್ಪ."

"ಹೆಣ್ಣಿದ್ರ ಫ್ರೀ ನೋಡ್ರಿ. ಹೆಣ್ಣೋ, ಗಂಡೋ?"

ಸುಮ್ಮನಿರಬೇಕಿತ್ತು. ಆದರೆ ಎರಡು ತಿಂಗಳಿಂದ ಓದಿ ತಲೆ ತುಂಬಿಕೊಂಡಿದ್ದೆ. "ಎರಡೂ ಹೌದು" ಅಂದೆ. "ಒಂದೇ ಹುಳದಾಗ ಹೆಣ್ಣೂ ಇರ್ತದ, ಗಂಡೂ ಇರ್ತದ. ಜೊತಿ ಸಿಗದಿದ್ರ ತಾನೊಂದೇ ಇದ್ದು ಮೊಟ್ಟಿ ಇಡ್ತದ."

"ಹಂಗಾದ್ರ ಅರ್ಧ ಟಿಕೆಟ್" ಅಂತ ಅವನು ಮುಂದೆ ಹೋದ. ಅರ್ಧ ಬಸ್ಸು ನಕ್ಕಿತು. ಇನ್ನರ್ಧ ನೋಡಲು ಎದ್ದು ನಿಂತಿತು. ಬಾಟಲಿ ನನ್ನ ಕೈ ಬಿಟ್ಟು ಒಂದು ಸುತ್ತು ಹೋಗಿ ಬಂತು. ಒಬ್ಬ ಹುಡುಗಿ ಚಿಪ್ಪಿನ ಸುತ್ತು ಎಡಕ್ಕೆ ತಿರುಗಿದೆ ಅಂತ ಕಂಡುಹಿಡಿದಳು. ನಿಜ, ಈ ಜಾತಿಯದು ಎಡಚ. ಒಬ್ಬ ಅಜ್ಜಿ ಬಾಟಲಿಗೆ ಕೈ ಮುಗಿದರು. ಎಲ್ಲ ಚೆನ್ನಾಗೇ ನಡೆದಿತ್ತು.

ಆಗ ಆ ಹಿರಿಯರು ಚಸ್ಮಾ ಹಾಕಿಕೊಂಡರು. "ಅಯ್ಯ, ಇದು ಗೋಗಲಗಾಯ್!" ಅಂದರು.

ಬಸ್ಸಿನ ನಗು ನಿಂತಿತು. ಗಡಿಯ ಆಚೆ ಮರಾಠಿಯಲ್ಲಿ ಇದಕ್ಕೆ ಆ ಹೆಸರು. ಅಲ್ಲಿ ಆಕಳು, ನಮ್ಮಲ್ಲಿ ಬಸವ. ಕೋಡು ಕಂಡ ಕಡೆಯೆಲ್ಲ ನಮ್ಮ ಜನಕ್ಕೆ ಕೊಟ್ಟಿಗೆಯೇ ನೆನಪಾಗುತ್ತದೆ. ಆದರೆ ಅವರಿಗೆ ನೆನಪಾದದ್ದು ಕೊಟ್ಟಿಗೆಯಲ್ಲ, 2022ರ ಮಳೆಗಾಲ. ಲಾತೂರಿನ ಹತ್ತಿರ ಅವರ ಬೀಗರ ಹೊಲ. ಸೋಯಾ ಎರಡೆಲೆ ಬಿಟ್ಟಿತ್ತು. ರಾತ್ರಿ ಹುಳು ಎದ್ದವು. ಬೆಳಗಾಗುವುದರೊಳಗೆ ಸಾಲಿಗೆ ಸಾಲು ಬರೀ ಕಡ್ಡಿ. ಮತ್ತೆ ಬೀಜ ತಂದರು, ಮತ್ತೆ ಬಿತ್ತಿದರು, ಮತ್ತೆ ಅದೇ. ಕೂಲಿ ಕೊಟ್ಟು ಹೆಣ್ಣುಮಕ್ಕಳನ್ನು ಕರೆದು ಬಕೆಟ್ಟುಗಟ್ಟಲೆ ಆರಿಸಿ ಉಪ್ಪುನೀರಿಗೆ ಸುರಿದರು. ಬದುವಿಗೆ ಸುಣ್ಣ ಹೊಡೆದರು. "ಆ ವರ್ಷ ಬೀಗರು ಮಗಳ ಮದ್ವಿ ಮುಂದಕ್ಕ ಹಾಕಿದ್ರು, ಅಕ್ಕವ್ರ. ನೀವು ಅದನ್ನ ಬಾಟಲ್ನಾಗ ಹಾಕ್ಕೊಂಡು ಹೊಲಕ್ಕ ಒಯ್ಲಿಕತ್ತೀರಿ!"

"ಇವು ನೀರಿನವು ರೀ. ಅವು ನೆಲದವು. ಇವು ಪೈರು ತಿನ್ನಲ್ಲ" ಅಂದೆ.

ಹಿಂದಿನ ಸೀಟಿನ ಹುಡುಗನೊಬ್ಬ ಮೊಬೈಲಿನಿಂದ ತಲೆ ಎತ್ತದೆ ಹೇಳಿದ: "ಫಿಲಿಪ್ಪೀನ್ಸ್‌ನಾಗ ಭತ್ತ ತಿಂದದ್ದು ನೀರಿನ ಹುಳಾನೇ ರೀ ಆಂಟಿ. ಅದೂ ಹೊರಗಿಂದ ತಂದಿದ್ದೇ." ಯಾರಪ್ಪ ನಿನ್ನನ್ನು ಕೇಳಿದ್ದು?

ಆಮೇಲೆ ನನ್ನ ಮಾತು ಯಾರೂ ಕೇಳಲಿಲ್ಲ. ಕೈ ಮುಗಿದ ಅಜ್ಜಿಯೂ ಪಕ್ಷ ಬದಲಿಸಿದರು. ಕಮಲಾಪುರ ಬರುವಷ್ಟರಲ್ಲಿ ಇಡೀ ಬಸ್ಸು ಒಂದು ನಿರ್ಧಾರಕ್ಕೆ ಬಂದಿತ್ತು: ಈ ಹುಳುಗಳನ್ನು ಬೀದರ್ ಜಿಲ್ಲೆಯ ಯಾವ ಬಾವಿಗೂ, ಹಳ್ಳಕ್ಕೂ, ಹೊಲಕ್ಕೂ ಬಿಡಕೂಡದು. ನನ್ನಿಂದ ಮಾತು ತಗೊಂಡರು. ಅದೂ ಬಾಟಲಿ ಮುಟ್ಟಿಸಿ. ಸಿಟ್ಟು ಬಂತು. ಅವರು ಹೇಳಿದ್ದು ಸರಿ ಅಂತ ಗೊತ್ತಿತ್ತಲ್ಲ, ಅದಕ್ಕೇ ಜಾಸ್ತಿ ಬಂತು. ಕಿಟಕಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದರು, ಒಂದು ಡಜನ್ ತಗೊಂಡೆ. ಆ ಹಿರಿಯರಿಗೆ ಎರಡು ಕೊಟ್ಟೆ. ತಿಂದರು. ತಿಂದೂ ಬಾಟಲಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಕುಬಸದ ಮನೆಯಲ್ಲಿ ಬಾಟಲಿ ದಿನವಿಡೀ ದೇವರ ಮನೆಯ ಪಕ್ಕದ ಗೂಡಿನಲ್ಲಿತ್ತು. ಹಾಡಾಯಿತು, ಆರತಿಯಾಯಿತು, ಊಟವಾಯಿತು. ಹೊರಡುವಾಗ ನಾದಿನಿ ನನಗೆ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ. ರಾತ್ರಿ ಮನೆಗೆ ಬಂದು ಬಾಟಲಿಯನ್ನು ದೀಪಕ್ಕೆ ಹಿಡಿದೆ. ಒಳಗಿನ ಗಾಜಿಗೆ ಮೂರು ಕಡೆ ಲೋಳೆ ಅಂಟಿತ್ತು. ಸಣ್ಣ ಸಣ್ಣ ಚುಕ್ಕಿಯ ಮೊಟ್ಟೆಗಳು. ಅವುಗಳ ಉಡಿಯನ್ನೂ ಯಾರೋ ತುಂಬಿ ಕಳಿಸಿದ್ದರು.

ಮಗನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ, "ಮಮ್ಮಿ, ನೀವು ಫುಡ್ ಜಾಸ್ತಿ ಹಾಕ್ತೀರಿ. ಮೀನು ತಿಂದು ಉಳಿದದ್ದನ್ನ ತಿಂದೇ ಹುಳ ಆಗೋದು. ದಿನಕ್ಕ ಒಂದು ಚಿಟಿಕಿ ಸಾಕು" ಅಂದ. ಒಂದು ಚಿಟಿಕೆಯೇ ಹಾಕುತ್ತೇವೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಮನೆಯವರು ಒಂದು ಚಿಟಿಕೆ. ನಾನು ಒಂದು. ಮಧ್ಯಾಹ್ನ ಪಾತ್ರೆ ತಿಕ್ಕಲು ಬರುವವಳು ಒಂದು, "ಪಾಪ, ಬಾಯಿ ತೆಗೀತಾವ ರೀ" ಅಂತ. ಸಂಜೆ ಬಂದ ನೆಂಟರ ಮಕ್ಕಳು ತಲಾ ಒಂದು. ರಾತ್ರಿ ಅತ್ತೆಯವರು, ಯಾರೂ ಹಾಕಿಲ್ಲ ಅಂದುಕೊಂಡು, ಎರಡು. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಬಾರದು ಅಂತ ಬೆಳೆದವರು ನಾವು. ಗಾಜಿಗೆ ಬಾಯಿ ಇಟ್ಟು ನಿಂತವಕ್ಕೆ ಇಲ್ಲ ಅನ್ನುವುದು ಹೇಗೆ? ಅವನಿಗೇನು, ಅಲ್ಲಿ ಕೂತು ಹೇಳುತ್ತಾನೆ. ಅವನು ಊಟ ಮಾಡಿದನೋ ಇಲ್ಲವೋ ಅಂತ ನಾನು ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಏನೋ ಕಲಿತೆ ಅಂತ ಮೊದಲಿಗೆ ಹೇಳಿದ್ದೆನಲ್ಲ. ಬಸ್ಸಿಗಿಂತ ಮುಂಚೆ ಅದು ನೆನಪಿತ್ತು.

ಬಾಟಲಿ ಈಗ ಅಡುಗೆಮನೆಯ ಕಿಟಕಿಯಲ್ಲಿದೆ. ಬಿಸಾಡುವಂತಿಲ್ಲ, ಬಿಡುವಂತಿಲ್ಲ, ಮತ್ತೆ ತೊಟ್ಟಿಗೆ ಸುರಿಯುವಷ್ಟು ನನಗಿನ್ನೂ ತಲೆ ಕೆಟ್ಟಿಲ್ಲ. ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಅತ್ತೆಯವರು ಕರಿಮಣ್ಣು ತರಿಸಿ, ನಡುಗುವ ಕೈಯಲ್ಲಿ ಜೋಡಿ ಎತ್ತು ಮಾಡಿದರು, ಅವಕ್ಕೆ ಮೇವು ಹಾಕುವ ಗ್ವಾದಲಿ ಮಾಡಿದರು, ಪೂಜೆ ಮುಗಿಸಿದರು. ನಾನು ಹೋಳಿಗೆಯ ಗಡಿಬಿಡಿಯಲ್ಲಿದ್ದೆ. ಸಂಜೆ ನೋಡಿದರೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ. ಒಳಗೆ ಒಂದು ಹೋಳು ಸೌತೆಕಾಯಿ, ಸಿಪ್ಪೆ ತೆಗೆದದ್ದು. ನನಗೆ ಕೋಸಂಬರಿಗೆ ಅಂತ ಇಟ್ಟುಕೊಂಡಿದ್ದ ಒಂದೇ ಸೌತೆಕಾಯಿ ಅದು.