ಗೇಗೆನ್ ಎಂಬವರು ಯಾರು?

ಮೊನ್ನೆ ಅಮಾವಾಸ್ಯೆಯ ರಾತ್ರಿ ನಕ್ಷತ್ರ ನೋಡಲೆಂದು ಗುಡ್ಡ ಹತ್ತಿದ್ದ ನಮ್ಮ ಗುಂಪಿಗೆ, ದೂರದರ್ಶಕದ ಒಡೆಯರಾದ ಹಿರಿಯರೊಬ್ಬರು, ಸೂರ್ಯನಿಗೆ ನೇರ ಎದುರಾದ ಆಕಾಶದತ್ತ ಬೆರಳು ತೋರಿಸಿ, "ಗೇಗೆನ್ ಎಂಬ ಜರ್ಮನ್ ವಿಜ್ಞಾನಿ ಕಂಡುಹಿಡಿದ ಬೆಳಕಾದ್ದರಿಂದ ಇದಕ್ಕೆ ಗೇಗೆನ್‌ಶೈನ್ ಎಂದು ಹೆಸರು" ಎಂದು ಸಾರಿದರು. ಅವರ ಫ್ಲಾಸ್ಕಿನ ಚಹಾವನ್ನು ಆಗಲೇ ಎರಡು ಲೋಟ ಕುಡಿದಿದ್ದ ನಾನು ಬಾಯಿ ಬಿಡಲಿಲ್ಲ.

ಗೇಗೆನ್ ಯಾವ ಪುಣ್ಯಾತ್ಮನ ಹೆಸರೂ ಅಲ್ಲ. ಜರ್ಮನ್ ಭಾಷೆಯಲ್ಲಿ 'ಎದುರು' ಎನ್ನುವ ಬಡ ಅವ್ಯಯ. ಗ್ರಹಗಳ ನಡುವಿನ ಧೂಳು ಸೂರ್ಯನ ಬೆಳಕನ್ನು ನಮ್ಮತ್ತ ಹಿಂತಿರುಗಿಸುವುದರಿಂದ ಮಸುಕಾಗಿ ಕಾಣುವ ಆ ಬೆಳಕನ್ನು 1854ರಲ್ಲಿ ವಿವರವಾಗಿ ವರ್ಣಿಸಿದವರು ಬ್ರೋರ್ಸೆನ್ ಎಂಬ ಡೆನ್ಮಾರ್ಕಿನ ಖಗೋಳಜ್ಞ. ಅವರಿಗೆ ಸಲ್ಲಬೇಕಾದ ಕೀರ್ತಿಯನ್ನು ಒಂದು ಅವ್ಯಯಕ್ಕೆ ಕೊಡುವುದು ಅನ್ಯಾಯವಲ್ಲವೇ? ಗೇಗೆನ್‌ಶೈನ್ ಎಂಬ ಪದವಂತೂ ಇನ್ನೂ ಹಳೆಯದು. ಗ್ರಹವೊಂದು ಸೂರ್ಯನಿಗೆ ಎದುರಾಗಿ ನಿಲ್ಲುವುದನ್ನು ಹಿಂದಿನ ಜರ್ಮನ್ ಜ್ಯೋತಿಷಿಗಳು ಇದೇ ಮಾತಿನಿಂದ ಕರೆಯುತ್ತಿದ್ದರು.

ಉಳಿದದ್ದು ಶೈನ್. ಇದು ಇಂಗ್ಲಿಷಿನ ಶೈನ್‌ಗೆ ದಾಯಾದಿಯೇ ಎಂಬುದನ್ನು, ಹಿರಿಯರು ಅಷ್ಟರಮಟ್ಟಿಗೆ ಸರಿಯಾಗಿಬಿಡುತ್ತಾರೆಂಬ ಸಂಕಟದೊಡನೆ, ಒಪ್ಪಿಕೊಳ್ಳುತ್ತೇನೆ. ಆದರೆ ಜರ್ಮನ್ನರ ಶೈನ್ ಆಕಾಶದಲ್ಲಷ್ಟೇ ಹೊಳೆದು ಸುಮ್ಮನಾಗುವುದಿಲ್ಲ. ಬೆಳದಿಂಗಳು ಮೋಂಡ್‌ಶೈನ್ ಆದರೆ, ಸಂತರ ತಲೆಯ ಸುತ್ತಲಿನ ಪ್ರಭಾವಳಿ ಹೈಲಿಗೆನ್‌ಶೈನ್. ಅಲ್ಲಿಂದ ಅದು ಕಾಗದಕ್ಕೆ ಇಳಿಯುತ್ತದೆ: ಕಣ್ಣಿಗೆ ಕಾಣುವ ಪುರಾವೆಯೆಂಬ ಅರ್ಥದಲ್ಲಿ ಹಣದ ನೋಟು ಗೆಲ್ಡ್‌ಶೈನ್, ವಾಹನ ಓಡಿಸುವ ಪರವಾನಗಿ ಫ್ಯೂರರ್‌ಶೈನ್, ಕೊನೆಗೆ ಮರಣಪತ್ರವೂ ಟೋಟೆನ್‌ಶೈನ್. ಹುಣ್ಣಿಮೆಯ ಚಂದ್ರನಿಗೂ ಕಚೇರಿಯ ಮೊಹರು ಬಿದ್ದ ಕಾಗದಕ್ಕೂ ಒಂದೇ ಪದವನ್ನು ಹಂಚಿ ಲವಲೇಶವೂ ನಾಚದ ಜನರ ಬಗ್ಗೆ ನನಗೆ ಅಸೂಯೆ ಹುಟ್ಟುತ್ತದೆ. ನನ್ನ ಸ್ವಂತ ಪರವಾನಗಿಯ ಮೇಲಿನ ಭಾವಚಿತ್ರದಲ್ಲಾದರೋ ಹೊಳಪೆಂಬುದು ಬೋಳುತಲೆಯಲ್ಲಿ ಮಾತ್ರ ಇದೆ.

ಶೈನ್‌ಗೆ ಬರಿಯ ತೋರಿಕೆ ಎಂಬ ಅರ್ಥವೂ ಉಂಟು. ಇಲ್ಲಿ ಮಾತ್ರ ನಾವು ಹಿಂದೆ ಬಿದ್ದಿಲ್ಲ, ಏಕೆಂದರೆ ಹೊಳೆಯುವುದೆಂಬ ಅರ್ಥದ 'ಭಾಸ್' ಧಾತುವೇ ನಮ್ಮಲ್ಲಿ 'ಭಾಸವಾಯಿತು' ಎಂದೂ ಆಗಿದೆ. ಗೇಗೆನ್‌ಶೈನ್ ಅನ್ನು ಅಕ್ಷರಶಃ ಕನ್ನಡಕ್ಕೆ ತಂದರೆ 'ಪ್ರತಿಭಾಸ' ಆಗುತ್ತದೆ. ಆ ಪದವನ್ನೋ ವೇದಾಂತಿಗಳು ಹಗ್ಗದಲ್ಲಿ ಕಂಡ ಹಾವಿಗೆ ಮೀಸಲಿಟ್ಟು ಕೂತಿದ್ದಾರೆ. ಆ ರಾತ್ರಿ ನನಗೆ ಕಂಡದ್ದು ಅಂತರಗ್ರಹ ಧೂಳಿನ ಬೆಳಕೋ, ಕನ್ನಡಕದ ಮೇಲಿನ ಇಬ್ಬನಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಬರುವ ಅಮಾವಾಸ್ಯೆಗೆ ಮತ್ತೆ ಅದೇ ಗುಡ್ಡಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಈ ಸಲ ಚಹಾವನ್ನು ನಾನೇ ಒಯ್ಯುತ್ತೇನೆ.