ಮೊದಲ ಸೆಟ್ಟನ್ನು ನೀವೇ ಜೋಡಿಸಿ

ರೆಡಿಮೇಡ್ ಸೆಟ್ಟು ಸಿಗುವಾಗ ಕಿಟ್ ತಂದು ಬೋರ್ಡಿಗೆ ಒಂದೊಂದೇ ಪಾರ್ಟು ಕೂರಿಸುವ ಉಸಾಬರಿ ಯಾಕೆ ಅಂತ ಹ್ಯಾಮ್ ರೇಡಿಯೊಗೆ, ಅಂದರೆ ಲೈಸನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಪರಸ್ಪರ ಮಾತಾಡುವುದಕ್ಕೆ, ಹೊಸದಾಗಿ ಬರುವ ಹುಡುಗರು ಕೇಳುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ನನ್ನ ಉತ್ತರ ಖಡಾಖಂಡಿತ: ಜೋಡಿಸಿಯೇ ಕಲಿಯಿರಿ. ಮಳೆಗಾಲದಲ್ಲಿ ಕೆಟ್ಟದ್ದನ್ನು ರಿಪೇರಿಗೆ ಕಳಿಸಲು ನಮ್ಮಲ್ಲಿ ಎಷ್ಟೋ ಸಲ ರಸ್ತೆಯೇ ಇರುವುದಿಲ್ಲ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯ ಗುಡ್ಡ ಕುಸಿದದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂದು ಬಿದ್ದದ್ದು ಯಾರೂ ಮರೆತಿಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಇಳಿದ ಮೇಲೆ ಮೊಬೈಲು ಇದ್ದೇನು ಪ್ರಯೋಜನ? 2004ರ ಸುನಾಮಿಯಲ್ಲಿ ಅಂಡಮಾನಿನ ಸುದ್ದಿ ಹೊರಗೆ ಮುಟ್ಟಿಸಿದವರಲ್ಲಿ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಕೂಡ ಒಬ್ಬರು.

ವಾಕಿಟಾಕಿಯಂತೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟು ಘಟ್ಟದ ಸೀಮೆಯಲ್ಲಿ ಸಾಲದು. ಅದರ ಅಲೆ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಮುಗಿಯಿತು. 7 ಮೆಗಾಹರ್ಟ್ಸ್‌ನ, ಅಂದರೆ 40 ಮೀಟರ್ ಬ್ಯಾಂಡಿನ ಲೆಕ್ಕ ಬೇರೆ. ಆಂಟೆನಾ ತಂತಿಯನ್ನು ತಗ್ಗಿನಲ್ಲೇ ಕಟ್ಟಿದರೆ ಅಲೆ ಹೆಚ್ಚುಕಡಿಮೆ ನೆಟ್ಟಗೆ ಮೇಲೇರಿ, ಎತ್ತರದ ಗಾಳಿಪದರವಾದ ಅಯಾನುಗೋಳಕ್ಕೆ ತಾಗಿ, ಸುತ್ತಲಿನ ನೂರಾರು ಕಿಲೋಮೀಟರಿಗೆ ಇಳಿಯುತ್ತದೆ. ದೇವಿಮನೆ ಘಟ್ಟದ ಆಚೆ ಇರುವ ಕಾರವಾರಕ್ಕೆ ಹಗಲು ಹೊತ್ತು ಮಾತಾಡಲು ಇದೇ ದಾರಿ. ಬೇಕಾದ್ದು ಸುಮಾರು 20 ಮೀಟರ್ ತಾಮ್ರದ ತಂತಿ, ನಡುವೆ ಕತ್ತರಿಸಿ ಕೇಬಲ್ ಜೋಡಿಸಿದ್ದು. ಮತ್ತೆ ಎರಡು ಮರ. ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನೇ ಹತ್ತಿ ಕಟ್ಟಿಕೊಟ್ಟ. "ಹೆಗಡೇರೇ, ಬಿಗಿ ಎಳೀಬೇಡಿ, ಗಾಳಿಗೆ ಮರ ತೂಗಿದ್ರೆ ತಂತಿ ಹರೀತದೆ" ಅಂದ. ಅಡಿಕೆ ಮರದ ಸ್ವಭಾವ ಬಲ್ಲವನ ಮಾತು, ಸಡಿಲ ಬಿಟ್ಟೇ ಕಟ್ಟಿದ್ದೇವೆ.

ಕಿಟ್ ಅಂದರೆ ನನಗೆ ಮೊದಲು ನೆನಪಾಗುವುದು ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ, ಕೇಳುವುದಕ್ಕೂ ಮಾತಾಡುವುದಕ್ಕೂ ಆಗುವ ಸೆಟ್ಟು ಬಿಟ್‌ಎಕ್ಸ್. ಕೇಳುವಾಗ ಒಂದು ದಿಕ್ಕಿಗೆ ಕೆಲಸ ಮಾಡುವ ಆಂಪ್ಲಿಫೈಯರುಗಳೇ ಮಾತಾಡುವಾಗ ಇನ್ನೊಂದು ದಿಕ್ಕಿಗೆ ಕೆಲಸ ಮಾಡುತ್ತವೆ. ಪಾರ್ಟ್ಸ್ ಕಡಿಮೆ, ಖರ್ಚೂ ಕಡಿಮೆ. ನಮ್ಮ ದೇಶದಲ್ಲಿ, ನಮ್ಮ ಅಂಗಡಿಗಳಲ್ಲಿ ಸಿಗುವ ಟ್ರಾನ್ಸಿಸ್ಟರುಗಳನ್ನು ನೋಡಿಕೊಂಡು ಮಾಡಿದ ವಿನ್ಯಾಸ ಅದು. ಹಾಗಾಗಿ ಅದರ ಮೇಲೆ ನನಗೆ ಅಭಿಮಾನ.

ಇನ್ನು ಸೋಲ್ಡರಿಂಗ್, ಅಂದರೆ ಬೆಸುಗೆ. ಐರನ್ನಿನ ತುದಿ ಬೋರ್ಡಿನ ತಾಮ್ರದ ಪ್ಯಾಡಿಗೂ ಪಾರ್ಟಿನ ಕಾಲಿಗೂ ಒಟ್ಟಿಗೇ ತಾಗಬೇಕು. ಒಂದೆರಡು ಸೆಕೆಂಡ್ ಬಿಟ್ಟು ಬೆಸುಗೆಯ ಲೆಡ್ ತಂತಿಯನ್ನು ಆಚೆ ಬದಿಯಿಂದ ಮುಟ್ಟಿಸಿ, ಐರನ್ನಿನ ತುದಿಗಲ್ಲ. ಕಾದ ತಾಮ್ರವೇ ಅದನ್ನು ಕರಗಿಸಿ ಎಳೆದುಕೊಳ್ಳುತ್ತದೆ. ಎಳೆಯಷ್ಟು ಹೊಗೆ, ರಾಳದ ವಾಸನೆ, ಕಾಲಿನ ಸುತ್ತ ಹೊಳೆಯುವ ಇಳಿಜಾರು. ಗುಂಡಗೆ ಮೇಲೇ ಕೂತರೆ ಹಿಡಿದಿಲ್ಲ ಅಂತಲೇ ಲೆಕ್ಕ. 63 ಪಾಲು ತವರ, 37 ಪಾಲು ಸೀಸ ಇರುವ ತಂತಿ 183 ಡಿಗ್ರಿಗೆ ಕರಗುತ್ತದೆ, ಐರನ್ ತೆಗೆದ ಕೂಡಲೇ ಗಟ್ಟಿಯಾಗುತ್ತದೆ. ಹೊಸಬರಿಗೆ ಅದೇ ಒಳ್ಳೆಯದು. ಸೀಸ ಇದೆ, ಊಟಕ್ಕೆ ಮೊದಲು ಕೈ ತೊಳೆಯಿರಿ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಪಾರ್ಟಿನ ಕಾಲುಗಳು ಬೇಗ ಕಪ್ಪಾಗುತ್ತವೆ, ಬ್ಲೇಡಿನಿಂದ ಕೆರೆದೇ ಕೂರಿಸಿ.

ಹುಡುಗರು ಹೆದರುವುದು ಟೊರಾಯ್ಡ್ ಎಂಬ ಕಾಯಿಲ್ ಸುತ್ತುವುದಕ್ಕೆ. ಹೆದರುವಂಥದ್ದೇನಿಲ್ಲ. ಬಳೆಯಂಥ ಆ ಕೋರಿನ ತೂತಿನೊಳಗೆ ತಂತಿ ಒಮ್ಮೆ ದಾಟಿದರೆ ಒಂದು ಸುತ್ತು, ಅಷ್ಟೇ ಎಣಿಕೆ. ತಂತಿಯ ತುದಿಯಲ್ಲಿರುವ ಎನಾಮಲ್ ಲೇಪ ಪೂರ್ತಿ ಹೋಗಿ ತಾಮ್ರ ಕೆಂಪಗೆ ಕಾಣುವ ತನಕ ಕೆರೆಯಬೇಕು. ಮೊದಲು ರಿಸೀವರ್ ಭಾಗ ಜೋಡಿಸಿ, ಸ್ಪೀಕರಿನಲ್ಲಿ ದನಿ ಬಂದ ಮೇಲೆಯೇ ಟ್ರಾನ್ಸ್‌ಮಿಟರ್ ಕಡೆ ಹೋಗಿ. ಕೊನೆಯ ಹಂತದಲ್ಲಿ ಐಆರ್‌ಎಫ್510 ಟ್ರಾನ್ಸಿಸ್ಟರ್ ಇದ್ದರೆ ಅದರ ಲೋಹದ ಬೆನ್ನಿಗೂ ಶಾಖ ಹೀರುವ ಹೀಟ್‌ಸಿಂಕಿಗೂ ನಡುವೆ ಮೈಕಾ ಹಾಳೆ ಬೇಕೇ ಬೇಕು. ಆ ಬೆನ್ನು ಡ್ರೈನ್ ಎಂಬ ಕಾಲಿಗೇ ಒಳಗಿನಿಂದ ಸೇರಿದ್ದು, ವಿದ್ಯುತ್ ಅಲ್ಲೇ ಇರುತ್ತದೆ.

ಹೀಗೆ ಜೋಡಿಸಿದವನಿಗೆ ನಡುರಾತ್ರಿ ಸೆಟ್ಟು ಸುಮ್ಮನಾದರೂ ಯಾವ ಜಾಗಕ್ಕೆ ಮೀಟರ್ ಹಿಡಿಯಬೇಕು ಅಂತ ಗೊತ್ತಿರುತ್ತದೆ. ನಮ್ಮ ಜಿಲ್ಲೆಯ ಹೈಸ್ಕೂಲು, ಪಾಲಿಟೆಕ್ನಿಕ್ಕುಗಳ ಮೇಷ್ಟ್ರುಗಳು ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಬೇಕು. ಕೇಂದ್ರ ಸಂಪರ್ಕ ಸಚಿವಾಲಯದ ಲೈಸನ್ಸ್ ಪರೀಕ್ಷೆಯನ್ನು 12 ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಲೈಸನ್ಸ್ ಮೊದಲು, ಸೆಟ್ಟು ಆಮೇಲೆ. ಅಲ್ಲಿವರೆಗೆ ಹಳೇ ಟೀವಿ ಬೋರ್ಡಿನಿಂದ ಪಾರ್ಟು ಬಿಚ್ಚಿ, ಮತ್ತೆ ಕೂರಿಸಿ ಕೈ ಪಳಗಿಸಲಿ. ಶಿರಸಿ ಸುತ್ತಮುತ್ತ ಯಾವ ಶಾಲೆಯವರು ಕರೆದರೂ ಐರನ್, ಮೀಟರ್ ಹಿಡಿದುಕೊಂಡು ನಾನೇ ಬರುತ್ತೇನೆ.